ಇಟಾಲಿಯನ್ ಕ್ರಿಯಾಪದದ ಒತ್ತು: ‘ನಾನು’ ರೂಪದಿಂದ ಶುರು ಮಾಡಿ

ಇಟಾಲಿಯನ್ ಓದುವಾಗ ‘ಅವರು’ ರೂಪದಲ್ಲಿ ನನ್ನ ಒತ್ತು (ಯಾವ ಉಚ್ಚಾರಾಂಶವನ್ನು ಬಲವಾಗಿ ಹೇಳಬೇಕು ಎಂಬುದು) ಪದೇಪದೇ ತಪ್ಪುತ್ತಿತ್ತು. ‘ವಾಸಿಸುತ್ತಾರೆ’ ಎನ್ನಲು ಆ-ಬಿ-ತ-ನೊ ಎನ್ನಬೇಕು. ಬಾಯಿಗೆ ಬರುತ್ತಿದ್ದದ್ದು ಅ-ಬಿ-ತಾ-ನೊ. (ಒತ್ತಿರುವಲ್ಲಿ ದೀರ್ಘ ಬರೆದಿದ್ದೇನೆ. ಪದದ ಕೊನೆಯದಲ್ಲದ, ಸ್ವರದಲ್ಲಿ ಮುಗಿಯುವ ಉಚ್ಚಾರಾಂಶಕ್ಕೆ ಒತ್ತು ಬಿದ್ದರೆ ಆ ಸ್ವರ ನಿಜಕ್ಕೂ ಉದ್ದವಾಗುತ್ತದೆ. ಹಾಗಾಗಿ ಕನ್ನಡ ಲಿಪಿ ಇದಕ್ಕೆ ಬಹಳ ಅನುಕೂಲ.)

‘ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಒತ್ತು’ ಎಂಬ ಸೂತ್ರ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಮೂಲರೂಪ ಅ-ಬಿ-ತಾ-ರೆ ನೋಡಿ ಊಹಿಸುವುದೂ ದಾರಿ ತಪ್ಪಿಸಿತು. ಬರವಣಿಗೆಯಿಂದಲೂ ಸುಳಿವು ಸಿಗದು: ಕೊನೆಯ ಸ್ವರಕ್ಕೆ ಒತ್ತಿದ್ದರೆ ಮಾತ್ರ ಚಿಹ್ನೆ ಕಡ್ಡಾಯ.

ಸರಿಹೋದದ್ದು ಈ ಕ್ರಮದಿಂದ. ಮೊದಲು ನಿಘಂಟಿನಲ್ಲಿ ‘ನಾನು’ ರೂಪ ನೋಡಿ. ತ್ರೆಕ್ಕಾನಿಯಂಥ ನಿಘಂಟು ಮೂಲರೂಪದ ಪಕ್ಕದಲ್ಲೇ ಒತ್ತಿನ ಗುರುತಿನೊಂದಿಗೆ ಅದನ್ನು ಕೊಡುತ್ತದೆ: ಆ-ಬಿ-ತೊ. ವರ್ತಮಾನದಲ್ಲಿ ನೀನು, ಅವನು, ಅವರು ಮೂರಕ್ಕೂ ಒತ್ತು ಅದೇ ಜಾಗದಲ್ಲಿ: ಆ-ಬಿ-ತಿ, ಆ-ಬಿ-ತ, ಆ-ಬಿ-ತ-ನೊ. ಕೊನೆಗೆ ಉಚ್ಚಾರಾಂಶ ಸೇರಿದರೂ ಒತ್ತು ಕದಲುವುದಿಲ್ಲ. ಗುಟ್ಟೆಲ್ಲ ಇಲ್ಲೇ ಇದೆ. ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಅದು ಪ್ರತ್ಯಯಕ್ಕೆ ಜಾರುತ್ತದೆ: ಅ-ಬಿ-ತ್ಯಾ-ಮೊ, ಅ-ಬಿ-ತಾ-ತೆ.

‘ಫೋನ್ ಮಾಡುತ್ತೇನೆ’ ಎನ್ನುವ ತೆ-ಲೇ-ಫೊ-ನೊ ಗೊತ್ತಿದ್ದರೆ ‘ಫೋನ್ ಮಾಡುತ್ತಾರೆ’ ಎನ್ನುವ ತೆ-ಲೇ-ಫೊ-ನ-ನೊ ತಾನಾಗಿ ಬರುತ್ತದೆ. ‘ಮಾತಾಡುತ್ತಾರೆ’ ಎನ್ನುವ ಪರ್-ಲ-ನೊದಲ್ಲಿ ರ, ಲ ನಡುವೆ ಪದ ಒಡೆಯುತ್ತದೆ. ಒತ್ತು ‘ಪರ್’ಗೆ, ಆದರೆ ಅದು ವ್ಯಂಜನದಲ್ಲಿ ಮುಗಿಯುವುದರಿಂದ ದೀರ್ಘವಿಲ್ಲ.

‘ವಾಸಿಸುತ್ತಿದ್ದರು’ ಎನ್ನುವಾಗ ಈ ಕ್ರಮ ಬಳಸಬೇಡಿ. ಅಲ್ಲಿ ಒತ್ತು ‘ವ’ಕಾರದ ಹಿಂದಿನ ಸ್ವರಕ್ಕೆ: ಅ-ಬಿ-ತಾ-ವ-ನೊ.