ರೆಕಾರ್ಡ್ ಪುಸ್ತಕದ ಪೇಜ್ ಲೇಔಟ್ ನಾನು ಎರಡ್ನೇ ಸಲ ತಿದ್ದಿದ್ದು ಹಿಂಗೆ

ನಮ್ಮ ದೊಡ್ಡಪ್ಪ ದಾವಣಗೆರೆಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ರು, ಮದುವೆ ಜಾತ್ರೆ ನಾಟಕ ಎಲ್ಲಿದ್ರೂ ಅವರ ಹಾರ್ನು ಕೂಗ್ಬೇಕು, ಹಂಗಾಗಿ ಅಟ್ಟದ ಮೇಲೆ ಎರಡು ಟ್ರಂಕ್ ತುಂಬ ರೆಕಾರ್ಡ್ ಉಳ್ಕೊಂಡಿದ್ವು. ಅವನ್ನೆಲ್ಲ ಫೋಟೋ ಹೊಡೆದು ಪುಸ್ತಕ ಮಾಡೋಣ ಅಂತ ಕೂತೆ. ಸ್ಕ್ರೀನ್ ಮೇಲೆ ಏನ್ ಚೆಂದ ಅಂತೀರಿ, ಡಮ್ಮಿ (ನೋಡೋಕಂತ ಮಾಡಿಸೋ ಮಾದರಿ ಪುಸ್ತಕ) ಕೈಗೆ ಬಂದಾಗ ಅರ್ಧ ಪೇಜು ದಂಡ.

ದೊಡ್ಡ ತಪ್ಪು ಸೈಜಿನದ್ದು. ಎಲ್ಲಾ ಫೋಟೋನೂ ಬಾಕ್ಸ್ ತುಂಬೋ ಹಂಗೆ ಎಳೆದಿದ್ದೆ. ದೊಡ್ಡಪ್ಪ ನಾಲ್ಕು ಪೇಜ್ ತಿರುವಿ "ಅಲ್ಲೋ, ಎಲ್ಲಾ ಒಂದೇ ಅಳತೆ ಮಾಡಿಟ್ಟೀಯಲ್ಲೋ" ಅಂದ್ರು. ಖರೇನೇ. 78 ಸ್ಪೀಡಿನ (ಅಂದ್ರೆ ನಿಮಿಷಕ್ಕೆ 78 ಸುತ್ತು) ಅರಗಿನ ಪ್ಲೇಟು ಸಾಮಾನ್ಯವಾಗಿ 10 ಇಂಚು (ಅದು ವಿನೈಲೇ ಅಲ್ಲ, ಕೆಳಗೆ ಬಿದ್ರೆ ಹಪ್ಪಳ), 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯೋರು ತಂದ 33⅓ ಸ್ಪೀಡಿನ ಎಲ್‌ಪಿ 12 ಇಂಚು, ಮುಂದಿನ ವರ್ಷ ಆರ್‌ಸಿಎ ವಿಕ್ಟರ್ ತಂದ 45 ಸ್ಪೀಡಿಂದು 7 ಇಂಚು (ನಾನು ಇಪಿ ಅನ್ನೋದು ಇದಕ್ಕೇ). ಅಳತೆ ನೋಡಿದ್ರೇನೇ ಯಾವ ಜಾತಿ ಪ್ಲೇಟು ಅಂತ ತಿಳೀಬೇಕು, ನಾನು ಅದನ್ನೇ ಅಳಿಸಿಬಿಟ್ಟಿದ್ದೆ. ಈಗ ಕೆಲವು ಪೇಜ್ ಬಿಟ್ರೆ ಇಡೀ ಪುಸ್ತಕಕ್ಕೆ ಒಂದೇ ಸ್ಕೇಲ್, 50 ಪರ್ಸೆಂಟ್: ಎಲ್‌ಪಿ 6 ಇಂಚು, 78 ಪ್ಲೇಟು 5 ಇಂಚು, ಇಪಿ ಮೂರೂವರೆ. ಇಪಿ ಪೇಜಲ್ಲಿ ಸುತ್ತ ಖಾಲಿ ಜಾಗ ಜಾಸ್ತಿ ಉಳಿಯುತ್ತೆ, ಉಳೀಲಿ ಬಿಡ್ರಿ, ಅಲ್ಲಿ ಹೂವು ಬಳ್ಳಿ ಬಾರ್ಡರ್ ಹಾಕೋಕೆ ಹೋಗ್ಬೇಡ್ರಿ.

ಪುಸ್ತಕ ಎಂಟೂವರೆ ಇಂಚಿನ ಚೌಕ ಇಟ್ಕೊಂಡೆ, ಯಾಕಂದ್ರೆ 7 ಇಂಚಿನ ಇಪಿ ಅದರಲ್ಲಿ ಅಸಲಿ ಸೈಜಲ್ಲೇ ಕೂರುತ್ತೆ, ಬೇಕಾದ್ರೆ ಪೇಜ್ ಮೇಲೆ ರೆಕಾರ್ಡ್ ಇಟ್ಟು ನೋಡ್ಬಹುದು. ಅಂಥ ಪೇಜು ನಾಲ್ಕೈದು ಮಾತ್ರ, ಪಕ್ಕದಲ್ಲಿ 'ಅಸಲಿ ಅಳತೆ' ಅಂತ ಬರೆದಿದೀನಿ. ಚೌಕ ಪುಸ್ತಕಕ್ಕೆ ಪೇಪರ್ ದಂಡ ಅನ್ನೋದು ಮಾತ್ರ ಗೊತ್ತಿರಲಿ. 23x36 ಶೀಟಲ್ಲಿ ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು, ಒಂದು ಮಗ್ಗಲಿಗೆ ಎಂಟು ಪೇಜ್ ಕೂರುತ್ತೆ, ಐದಾರು ಇಂಚಿನ ಪಟ್ಟಿ ಉಳಿಯುತ್ತೆ. ಆ ಪಟ್ಟಿಯಲ್ಲಿ ಬುಕ್‌ಮಾರ್ಕ್ ಹಾಕಿಸ್ಕೊಂಡೆ. ಎರಡೂ ಮಗ್ಗಲು ಸೇರಿ 16 ಪೇಜಿನ ಫಾರ್ಮ್, ಹಂಗಾಗಿ ಒಟ್ಟು ಪೇಜು 16ರ ಲೆಕ್ಕದಲ್ಲೇ ಮುಗೀಲಿ.

ಇನ್ನು ಎರಡು ಪೇಜಿಗೆ ಹರಡಿದ ದೊಡ್ಡ ಫೋಟೋ. ನಾನು ಒಂದು ಎಲ್‌ಪಿನ ಎದುರುಬದುರು ಪೇಜಲ್ಲಿ ಪೂರ್ತಿ ಬಿಡಿಸಿದ್ದೆ, ಪರ್ಫೆಕ್ಟ್ ಬೈಂಡಿಂಗ್ ಆಗಿ ಬಂದಾಗ ನಡುವಿನ ತೂತೂ ಇಲ್ಲ, ಲೇಬಲ್ ಮೇಲಿನ ಹೆಸರೂ ಅರ್ಧ ಇಲ್ಲ, ಮಡಚಿದ ದೋಸೆ ಥರ ಆಗಿತ್ತು. ಅಂಟು ಬೈಂಡಿಂಗ್ ಪೂರ್ತಿ ಬಿಚ್ಚಿಕೊಳ್ಳಲ್ಲ ಕಣ್ರಿ. ಲೇಬಲ್ ಪೂರ್ತಿ ಬಲಗಡೆ ಪೇಜಿಗೆ ಬರೋ ಹಂಗೆ ತಟ್ಟೆನ ಸರಿಸಿ, ಎಡಗಡೆ ಬರೀ ಗೆರೆಗಳು ಇರೋ ಹಂಗೆ ಮಾಡಿದೆ, ಒಳಗಿನ ಮಾರ್ಜಿನ್ 20 ಮಿಮೀ ಇಟ್ಟೆ. ದುಡ್ಡಿದ್ರೆ ಹೊಲಿಗೆ ಬೈಂಡಿಂಗೇ ಮಾಡಿಸ್ರಿ.

ಎಲ್‌ಪಿ ಜಾಕೆಟ್ (ರೆಕಾರ್ಡಿನ ಹೊರಗಿನ ಕವರು) ಎ4 ಸ್ಕ್ಯಾನರಲ್ಲಿ ಹಿಡಿಯಲ್ಲ, ಮೇಲಿಂದ ನೇರ ಕ್ಯಾಮೆರಾ, ಎರಡೂ ಕಡೆಯಿಂದ ಓರೆ ಲೈಟು. ಇಪಿ ಜಾಕೆಟ್ ಸ್ಕ್ಯಾನ್ ಮಾಡೋದಾದ್ರೆ ಸ್ಕ್ಯಾನರಿನ ಸೆಟ್ಟಿಂಗಲ್ಲಿ ಡಿಸ್ಕ್ರೀನ್ ಆನ್ ಮಾಡಿ, ಇಲ್ಲಾಂದ್ರೆ ಹಳೇ ಪ್ರಿಂಟಿನ ಚುಕ್ಕಿ ಮೇಲೆ ಹೊಸ ಚುಕ್ಕಿ ಬಿದ್ದು ಜಾಲರಿ ಏಳುತ್ತೆ. ಛಾಪಾದ ಸೈಜಲ್ಲಿ 300 ಡಿಪಿಐ ಉಳೀಬೇಕು. ಕಪ್ಪು ಬ್ಯಾಕ್‌ಗ್ರೌಂಡಿಗೆ ಬರೀ ಕೆ 100 (ಕಪ್ಪು ಇಂಕು ಒಂದೇ, 100 ಪರ್ಸೆಂಟ್) ಕೊಟ್ರೆ ಬೂದು ಬೂದು, ನಾನು ನೀಲಿ, ಗುಲಾಬಿ, ಹಳದಿ ಇಂಕೂ ಸೇರಿಸಿ ಸಿ 60 ಎಂ 40 ವೈ 40 ಕೆ 100 ಕೊಟ್ಟೆ, ಆದ್ರೆ ಸಣ್ಣ ಅಕ್ಷರಕ್ಕೆ ಕೆ 100 ಒಂದೇ. ಕಪ್ಪಿನ ಮೇಲೆ ಬಿಳಿ ಕನ್ನಡ ಸಣ್ಣ ಸೈಜಲ್ಲಿ ಬೇಡವೇ ಬೇಡ, ಬಣ್ಣ ಒಂಚೂರು ಸರಿದ್ರೂ ಒತ್ತಕ್ಷರ ಮುಚ್ಚಿಹೋಗ್ತವೆ.

ಅಕ್ಷರದ ವಿಷಯಕ್ಕೆ ಬಂದ್ರೆ, ಇಂಗ್ಲಿಷಿಗೆ ಸಾಕಾಗೋ ಸಾಲಿನ ಅಂತರ ನಮಗೆ ಸಾಲಲ್ಲ. 'ಶಾಸ್ತ್ರೀಯ' ಅಂತ ಟೈಪ್ ಮಾಡಿ ಕೆಳಗಿನ ಸಾಲಲ್ಲಿ 'ಗೀತೆ' ಅಂತ ಹಾಕಿ ನೋಡ್ರಿ, ಒತ್ತು ಗುಡಿಸಿಗೆ ತಾಗಿದ್ರೆ ಅಂತರ ಜಾಸ್ತಿ ಮಾಡ್ರಿ, ನಂದು 11 ಪಾಯಿಂಟಿಗೆ 17. ಪೇಜ್ ಕಟ್ಟೋ ಸಾಫ್ಟ್‌ವೇರ್ ಇನ್‌ಡಿಸೈನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಇಲ್ದಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳ್ತವೆ. ಕ್ಯಾಪ್ಷನ್ ಕಾಲಂ ಕಿರಿದಾಗಿದ್ರೆ ಜಸ್ಟಿಫೈ (ಎರಡೂ ಅಂಚು ಸಮ) ಮಾಡ್ಬೇಡ್ರಿ, ನಮ್ಮ ಪದಗಳು ಉದ್ದ, ನಡುವೆ ಹಳ್ಳ ಬೀಳುತ್ತೆ. ಕ್ಯಾಪ್ಷನಲ್ಲಿ ಹಾಡಿನ ಹೆಸರು, ಕಂಪನಿ, ಸ್ಪೀಡು, ಕ್ಯಾಟಲಾಗ್ ನಂಬರ್ ಸಾಕು. ಲೇಬಲ್ ಪಕ್ಕದ ಗೆರೆಯಿಲ್ಲದ ಜಾಗದಲ್ಲಿ ಕೆತ್ತಿರೋ ಮ್ಯಾಟ್ರಿಕ್ಸ್ ನಂಬರ್ (ಆ ಅಚ್ಚಿನ ಗುರುತು) ಸೇರಿಸಿದ್ರೆ ರೆಕಾರ್ಡ್ ಕೂಡಿಡೋರು ಕೈಮುಗೀತಾರೆ.

ಪ್ರೆಸ್ಸಿಗೆ ಹೋಗೋ ಮುಂಚೆ ಡಿಜಿಟಲ್ ಪ್ರಿಂಟ್ ಅಂಗಡೀಲಿ 12x18 ಶೀಟಿಗೆ ಎದುರುಬದುರು ಪೇಜು ಅಸಲಿ ಸೈಜಲ್ಲೇ ತೆಗೆಸ್ರಿ, ಗೋಡೆಗೆ ಸಾಲಾಗಿ ಅಂಟಿಸಿ ದೂರ ನಿಂತು ನೋಡ್ರಿ, ಮೂರು ಪೇಜ್ ಒಂದೇ ಥರ ಸತತ ಬಂದಿದ್ರೆ ಅಲ್ಲೇ ಕಣ್ಣಿಗೆ ಬೀಳುತ್ತೆ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಮುಟ್ಬೇಡ್ರಿ, ನಾನು ಮುಟ್ಟಿ ಆ ಎಣ್ಣೆ ಕಲೆನ ಎಲ್‌ಪಿ ಜಾಕೆಟ್ಟಿನ ಕಲೆ ಅಂದ್ಕೊಂಡು ಅರ್ಧ ಗಂಟೆ ಫೋಟೋಶಾಪಲ್ಲಿ ಹುಡುಕಿದೀನಿ. ಕೊನೆಗೆ ಪಿಡಿಎಫ್ ಮಾಡುವಾಗ ಪೇಜ್ ಒಂದೊಂದಾಗಿ ಇರಲಿ, ಜೋಡಿ ಮಾಡಿ ಕಳಿಸ್ಬೇಡ್ರಿ, ಜೋಡಿಸೋದು ಪ್ರೆಸ್ಸಿನೋರ ಕೆಲಸ. ಸುತ್ತ 3 ಮಿಮೀ ಬ್ಲೀಡ್ (ಕಟಿಂಗಲ್ಲಿ ಹೋಗೋ ಹೆಚ್ಚುವರಿ ಅಂಚು) ಇಟ್ಟು, ಫಾಂಟ್ ಒಳಗೇ ಸೇರಿದೆಯಾ ಅಂತ ನೋಡಿ ಕೊಡ್ರಿ.