ಆಪರೇಟಿಂಗ್ ಲಿವರೇಜ್ 0.47 ಅಂತ ಬಂದಾಗ

ಮಾರಾಟ 1% ಬದಲಾದರೆ ಲಾಭ ಎಷ್ಟು ಶೇಕಡಾ ಬದಲಾಗುತ್ತೆ ಅನ್ನೋದೇ ಆಪರೇಟಿಂಗ್ ಲಿವರೇಜ್. ಲೆಕ್ಕ ಹಾಕಿದ್ದು ಕಾದ ಉಕ್ಕನ್ನು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಒಂದು ಫೋರ್ಜಿಂಗ್ ಕಂಪನಿಗೆ. ಹೆಸರು ಬೇಡ, ಅಂಕಿಗಳನ್ನೂ ದುಂಡಗೆ ಮಾಡಿದ್ದೇನೆ. 2017-18ರಲ್ಲಿ ಮಾರಾಟ 360 ಕೋಟಿ, ಮರುವರ್ಷ 400 ಕೋಟಿ. ಲಾಭ 38ರಿಂದ 40 ಕೋಟಿ. ಲಾಭ ಅಂದರೆ ಇಲ್ಲಿ ಸವಕಳಿ ಕಳೆದ ಮೇಲೆ, ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚೆ ಉಳಿದದ್ದು. ಎಫ್‌ಡಿ ಬಡ್ಡಿಯಂಥ ಇತರೆ ಆದಾಯ ಇದರಲ್ಲಿಲ್ಲ.

ಮಾರಾಟ 11.1% ಏರಿದೆ, ಲಾಭ 5.3%. ಭಾಗಿಸಿದರೆ 0.47. ಮಾರಾಟ ಬಿದ್ದರೂ ಲಾಭ ಅಷ್ಟೇನೂ ಅಲ್ಲಾಡಲ್ಲ ಅಂದುಕೊಂಡು ಷೇರು ಕೊಂಡೆ. 2019-20ರಲ್ಲಿ ವಾಹನ ಮಾರುಕಟ್ಟೆ ಮಲಗಿತು. ಮಾರಾಟ 15% ಇಳಿದು 340ಕ್ಕೆ ಬಂತು. ಲಾಭ ಮಾತ್ರ 40ರಿಂದ 19ಕ್ಕೆ!

ಭಾಗಾಕಾರ ಸರಿಯಾಗೇ ಇತ್ತು, ತಪ್ಪಿದ್ದು ಮಾರಾಟದ ಅಂಕಿಯನ್ನು ಓದಿದ ರೀತಿ. ಮಾರಾಟ 400 ಮುಟ್ಟಿದ 2018-19ರಲ್ಲಿ ಉಕ್ಕಿನ ಬೆಲೆ ಏರಿತ್ತು. ಇಂಥ ಕಂಪನಿಗಳು ಉಕ್ಕಿನ ಏರಿಕೆಯನ್ನು ಗ್ರಾಹಕರಿಗೆ ದಾಟಿಸುತ್ತವೆ. ಮಾರಾಟವೂ ಏರುತ್ತೆ, ಕಚ್ಚಾಮಾಲಿನ ಖರ್ಚೂ ಅಷ್ಟೇ ಏರುತ್ತೆ, ಲಾಭಕ್ಕೆ ಅದರ ಗಾಳಿಯೂ ಸೋಕಲ್ಲ. ಹೆಚ್ಚಿದ 40 ಕೋಟಿಯಲ್ಲಿ ಬಹುಪಾಲು ಬರೀ ಬೆಲೆ. ಟನ್ ಲೆಕ್ಕದಲ್ಲಿ ಏರಿಕೆ ಅತ್ಯಲ್ಪ. ಕಂಪನಿ ಕಾಯ್ದೆಯಲ್ಲಿ ಲೆಕ್ಕಪತ್ರದ ನಮೂನೆ ಹೇಳುವ ಹಳೇ ಶೆಡ್ಯೂಲ್ 6 ಇದ್ದಾಗ ಉತ್ಪಾದನೆಯ ಪ್ರಮಾಣವನ್ನೂ ಕೊಡಲೇಬೇಕಿತ್ತು. 2011-12ರಿಂದ ಆ ಕಡ್ಡಾಯ ಹೋಯ್ತು. ಈಗ ಆಡಳಿತ ಮಂಡಳಿಯ ವರದಿಯಲ್ಲೋ, ಕಂಪನಿಯವರು ಹೂಡಿಕೆದಾರರ ಜೊತೆ ಫೋನಿನಲ್ಲಿ ಮಾತಾಡುವ ಕಾನ್‌ಕಾಲ್‌ನಲ್ಲೋ ಕೆದಕಬೇಕು. ಇನ್ನೊಂದು ಹಳ್ಳ ಜಿಎಸ್‌ಟಿ. 2017ರ ಜೂನ್‌ವರೆಗಿನ ಮಾರಾಟದಲ್ಲಿ ಎಕ್ಸೈಸ್ ಡ್ಯೂಟಿ ಸೇರಿರುತ್ತೆ, ಆಮೇಲಿನದರಲ್ಲಿ ಜಿಎಸ್‌ಟಿ ಸೇರಿರಲ್ಲ. ನಾನು ಅದನ್ನು ಕಳೆದೇ 360 ಅಂತ ಹಾಕಿದ್ದೆ, ಅದೊಂದು ಪುಣ್ಯ.

ಆಮೇಲೆ ದಾರಿ ಬದಲಿಸಿದೆ. 2018-19ರ ಒಂದೇ ವರ್ಷದ ಖರ್ಚುಗಳನ್ನು ಸಾಲುಸಾಲಾಗಿ ಒಡೆದೆ. ಕಚ್ಚಾಮಾಲು 200 ಕೋಟಿ, ಸ್ಟೋರ್ಸ್ (ತಯಾರಿಕೆಯಲ್ಲಿ ಖರ್ಚಾಗುವ ಸಣ್ಣಪುಟ್ಟ ಸಾಮಾನು) 16, ಸಾಗಣೆ 10. ಇವು ಮಾರಾಟದ ಜೊತೆಗೇ ಏರಿಳಿಯುತ್ತವೆ, ತಕರಾರಿಲ್ಲ. ಕರೆಂಟು ಮತ್ತು ಇಂಧನ 30 ಕೋಟಿ. ಫ್ಯಾಕ್ಟರಿ ನಡೆಸಿದವರಿಗೆ ಗೊತ್ತು, ಒಂದು ತಿಂಗಳು ಬೀಗ ಹಾಕಿದರೂ ಕರೆಂಟ್ ಬಿಲ್ಲಿನ ನಿಗದಿತ ಭಾಗವಾದ ಡಿಮ್ಯಾಂಡ್ ಚಾರ್ಜ್ ಬಂದೇ ಬರುತ್ತೆ. ಅದೆಷ್ಟು ಅಂತ ವರದಿಯಲ್ಲಿ ಬಿಡಿಸಿ ಹೇಳಿರಲ್ಲ. ಅಂದಾಜಿಗೆ ಐದನೇ ಒಂದು ಭಾಗ ಸ್ಥಿರ ಅಂದುಕೊಂಡೆ. ಹಾಗಾಗಿ ಬದಲಾಗುವ ಖರ್ಚು ಒಟ್ಟು 250 ಕೋಟಿ. ಸಂಬಳ, ಸವಕಳಿ, 'ಇತರೆ ವೆಚ್ಚ'ದಲ್ಲಿ ಮಿಕ್ಕಿದ್ದು ಸೇರಿ 110 ಕೋಟಿ ಸ್ಥಿರ. 400ರಲ್ಲಿ 250 ಕಳೆದರೆ 150. ಮಾರಾಟ 1% ಏರಿದರೆ ಈ 150 ಕೂಡ 1%, ಅಂದರೆ ಒಂದೂವರೆ ಕೋಟಿ ಏರುತ್ತೆ, ಸ್ಥಿರ ಖರ್ಚು ಹಾಗೇ ಇರುವುದರಿಂದ ಅದೆಲ್ಲ ಲಾಭಕ್ಕೇ. ಹಾಗಾಗಿ 150ನ್ನು ಲಾಭವಾದ 40ರಿಂದ ಭಾಗಿಸಿದರೆ ಲಿವರೇಜ್ 3.75. 0.47 ಎಲ್ಲಿ, 3.75 ಎಲ್ಲಿ!

ದಾಸ್ತಾನಿನ ಏರಿಳಿತದ ಸಾಲನ್ನೂ ನೋಡಿದೆ. ಮಾರಿದ್ದಕ್ಕಿಂತ ಜಾಸ್ತಿ ತಯಾರಿಸಿದ ವರ್ಷ, ಫ್ಯಾಕ್ಟರಿಯ ಸ್ಥಿರ ಖರ್ಚಿನಲ್ಲಿ ಒಂದಷ್ಟು ಸರಕಿನ ಜೊತೆ ಗೋದಾಮಿನಲ್ಲೇ ಕೂತಿರುತ್ತೆ, ಲಾಭ ಸುಮ್ನೆ ಉಬ್ಬಿ ಕಾಣುತ್ತೆ. ಇಲ್ಲಿ ಅದು ಚಿಕ್ಕದಿತ್ತು, ಬಿಟ್ಟೆ.

ಈ ಲೆಕ್ಕಕ್ಕೆ ಪರೀಕ್ಷೆ ಒಡ್ಡಿದ್ದು ಲಾಕ್‌ಡೌನ್. 2020ರ ಏಪ್ರಿಲ್-ಜೂನ್‌ನಲ್ಲಿ ಮಾರಾಟ 30 ಕೋಟಿ, ನಷ್ಟ 12 ಕೋಟಿ. ನನ್ನ ಲೆಕ್ಕದ ಪ್ರಕಾರ 30 ಕೋಟಿಯಲ್ಲಿ ಬದಲಾಗುವ ಖರ್ಚು ಕಳೆದು ಉಳಿಯೋದು 11.25, ಮೂರು ತಿಂಗಳ ಸ್ಥಿರ ಖರ್ಚು 27.5, ಅಂದರೆ ನಷ್ಟ 16 ಕೋಟಿ ದಾಟಬೇಕಿತ್ತು. ಎಲ್ಲಿ ಉಳಿಯಿತು? ಮತ್ತೆ ವಾರ್ಷಿಕ ವರದಿಯ ನೋಟ್ಸ್ ತೆಗೆದೆ. ಗುತ್ತಿಗೆ ಕಾರ್ಮಿಕರ ಕೂಲಿ 'ಇತರೆ ವೆಚ್ಚ'ದ ಒಳಗಿತ್ತು, ನಾನು ಅದನ್ನು ಸ್ಥಿರ ಅಂತ ಹಾಕಿದ್ದೆ. ಕೆಲಸ ಇಲ್ಲದ ದಿನ ಅವರಿಗೆ ಕೂಲಿಯೂ ಇಲ್ಲ. ಕಾಯಂ ನೌಕರರ ಸಂಬಳಕ್ಕೂ ಒಂದಷ್ಟು ಕತ್ತರಿ ಬಿದ್ದಿತ್ತು.

2018-19ರ ಇಡೀ ವರ್ಷ ಮತ್ತು ಈ ಮೂರು ತಿಂಗಳು, ಎರಡನ್ನೂ ಜೋಡಿ ಸಮೀಕರಣ ಮಾಡಿ ಬಿಡಿಸಿದೆ. ಸ್ಥಿರ ಖರ್ಚು ವರ್ಷಕ್ಕೆ ಸುಮಾರು 86 ಕೋಟಿ, ಪ್ರತಿ ರೂಪಾಯಿ ಮಾರಾಟದಲ್ಲಿ ಬದಲಾಗುವ ಖರ್ಚು ಕಳೆದು ಉಳಿಯೋದು 31 ಪೈಸೆ, ಲಿವರೇಜ್ 3.1. ಅದನ್ನು ಕೆಳಗಿನ ಮಿತಿ ಅಂತಲೇ ಇಟ್ಟುಕೊಂಡೆ, ಅಂಥ ಸಂಬಳ ಕಡಿತ ಪ್ರತಿ ಸಲ ಆಗಲ್ಲ ಅಲ್ವಾ? 2019-20ರಲ್ಲಿ ನಿಜಕ್ಕೂ ಆದದ್ದು 3.5, ಎರಡರ ನಡುವೆ.

ಶೀಟ್‌ನಲ್ಲಿ ಈಗ '3.1 – 3.75' ಅಂತ ಎರಡು ಅಂಕಿ ಬರೆಯುತ್ತೇನೆ, ಪಕ್ಕದಲ್ಲಿ ಯಾವ ಮಾರಾಟದ ಮಟ್ಟಕ್ಕೆ ಅನ್ನೋದನ್ನೂ. 340 ಕೋಟಿಯ ಮಟ್ಟದಲ್ಲಿ ಲಾಭ ಸಣ್ಣದು, ಹಾಗಾಗಿ ಅದೇ ಕಂಪನಿಯ ಲಿವರೇಜ್ ಅಲ್ಲಿ ಐದು ದಾಟುತ್ತೆ. ಆಮೇಲೆ ಕಂಪನಿ ಹೊಸ ಫೋರ್ಜಿಂಗ್ ಪ್ರೆಸ್ ಹಾಕಿತು. ಸವಕಳಿ ಏರಿದೆ, ಆ ಸಾಲನ್ನು ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದೇನೆ.