ಮಿಲ್ ಸದ್ದಿನ ಪಕ್ಕದ ಓದುವ ರೂಮಿಗೆ ನಾನು ಹಾಕುವ ಸಂಗೀತ

ಗಂಗಾವತಿಯಲ್ಲಿ ರೀಡಿಂಗ್ ರೂಮ್ (ಪರೀಕ್ಷೆಗೆ ಓದುವವರು ಫೀಸು ಕಟ್ಟಿ ಕೂರುವ ಜಾಗ) ನಡೆಸುವವರಿಗೆ ರೈಸ್ ಮಿಲ್ ಸದ್ದಿನ ಬಗ್ಗೆ ನಾನು ಹೇಳಬೇಕಿಲ್ಲ. ಭತ್ತದ ಸುಗ್ಗಿ ಬಂತೆಂದರೆ ಹಗಲೂ ರಾತ್ರಿ ಒಂದೇ ಗುಂಯ್. ಎಸಿ ಹಾಕಿಸಿ ಕಿಟಕಿ ಮುಚ್ಚುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ಸಂಗೀತ ಹಾಕಿದೆ. "ಓದೋ ಜಾಗದಾಗ ಹಾಡು ಹಚ್ಚತೀರೇನ್ರೀ?" ಅಂತ ನಕ್ಕವರೇ ಜಾಸ್ತಿ. ಈಗ ನಲವತ್ತರ ಹತ್ತಿರ ಸೀಟು, ತಿಂಗಳಿಗೆ ಆರುನೂರು ಫೀಸು, ಖಾಲಿ ಒಂದೂ ಇಲ್ಲ. ನಕ್ಕವರೇ ಈಗ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ. ಹತ್ತು ನಿಮಿಷದಲ್ಲಿ ಅರ್ಧ ರೂಮು ಪುಸ್ತಕ ಬಿಟ್ಟು ಅವರ ಕಡೆ ಕಿವಿ ಕೊಟ್ಟಿತು. ಕನ್ನಡ ಮಾತು ಕಿವಿಗೆ ಬಿದ್ದರೆ ಕನ್ನಡ ಅಕ್ಷರ ತಲೆಗೆ ಹತ್ತುವುದಿಲ್ಲ. ಸರಿ, ಮಾತೇ ಬೇಡ ಅಂತ ಕೊಳಲಿನಲ್ಲಿ ದೇವರನಾಮ ಹಾಕಿದೆ. ಅದೂ ಕೆಟ್ಟಿತು. ಗೊತ್ತಿರುವ ಹಾಡಾದರೆ ಮಾತನ್ನು ಇವರೇ ತುಂಬಿಕೊಳ್ಳುತ್ತಾರೆ, ತುಟಿ ಅಲ್ಲಾಡುತ್ತಿರುತ್ತದೆ.

ಆಮೇಲೆ ಪಾಶ್ಚಾತ್ಯ ಸಂಗೀತ. ಸಿಂಫನಿಗಳನ್ನು, ಅಂದರೆ ದೊಡ್ಡ ವಾದ್ಯವೃಂದದ ಕೃತಿಗಳನ್ನು, ದೂರ ಇಡಿ. ಮೆಲ್ಲಗೆ ನುಡಿಸುವ ಭಾಗ ಮಿಲ್ ಸದ್ದಿನಲ್ಲಿ ಮುಳುಗುತ್ತದೆ. ವಾಲ್ಯೂಮ್ ಏರಿಸಿದಿರೋ, ಮುಂದಿನ ಅಬ್ಬರಕ್ಕೆ ಎದೆ ಧಸಕ್ ಅನ್ನುತ್ತದೆ. ಹೈಡನ್‌ನ 94ನೇ ಸಿಂಫನಿಯ ಎರಡನೇ ಭಾಗ ಮೆತ್ತಗೆ ಸಾಗುತ್ತಾ ಸಾಗುತ್ತಾ ಒಮ್ಮೆಲೇ ಢಂ ಅಂತ ಹೊಡೆಯುತ್ತದೆ. ಒಬ್ಬ ಹುಡುಗನ ಚಹಾ ಪೂರ್ತಿ ಪಿಡಿಒ ಪರೀಕ್ಷೆಯ ಗೈಡಿನ ಮೇಲೆ. ಗೈಡಿನ ದುಡ್ಡು ನಾನೇ ಕೊಟ್ಟೆ, ನಾಲ್ಕುನೂರು ಚಿಲ್ಲರೆ.

ಪಾಶ್ಚಾತ್ಯರಲ್ಲಿ ಬಾಖ್ ಮಾತ್ರ ನಿಂತ. ಗ್ಲೆನ್ ಗೂಲ್ಡ್ ಪಿಯಾನೋದಲ್ಲಿ ನುಡಿಸಿದ ಅವನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಹಾಕಿ. 1955ರ ರೆಕಾರ್ಡಿಂಗ್ ಬೇಡ, ಅದು ಓಟ, 38 ನಿಮಿಷಕ್ಕೆ ಮುಗಿದೇ ಹೋಗುತ್ತದೆ. 1981ರದ್ದು 50 ನಿಮಿಷ ದಾಟುತ್ತದೆ, ನಿಧಾನ. ಆದರೆ ಗೂಲ್ಡ್ ನುಡಿಸುತ್ತಾ ಗುನುಗುತ್ತಾರೆ. "ಹಿಂದ ಯಾರೋ ಗೊಣಗತಾರ್ರೀ ಸರ" ಅಂತ ದೂರು ಬಂತು! ಹಾಗಾಗಿ ಬೆಳಿಗ್ಗೆಗೆ ಬಾಖ್‌ನ ಚೆಲ್ಲೊ (ವಯಲಿನ್ ಜಾತಿಯ ದೊಡ್ಡ ವಾದ್ಯ) ಸೂಟ್‌ಗಳನ್ನೇ ಖಾಯಂ ಮಾಡಿದ್ದೇನೆ. ಆರಿವೆ, ಎರಡು ಗಂಟೆ ಆರಾಮಾಗಿ ಕಳೆಯುತ್ತದೆ.

ನಿಜವಾದ ಕೆಲಸ ಮಾಡಿದ್ದು ನಮ್ಮ ಆಲಾಪ, ತಾಳವಿಲ್ಲದೆ ರಾಗವನ್ನು ನಿಧಾನವಾಗಿ ಬಿಡಿಸುವ ಭಾಗ. ಮುಂದೇನು ಬರುತ್ತದೆ ಅಂತ ಕಿವಿ ಕಾಯಬಾರದು, ಅಷ್ಟೇ ವಿಷಯ. ಜಿಯಾ ಮೊಹಿಯುದ್ದೀನ್ ಡಾಗರ್ ಅವರ ರುದ್ರವೀಣೆ ಹಾಕಿದ ದಿನ ಮಿಲ್ ಇದೆ ಅನ್ನೋದೇ ಮರೆತುಹೋಯಿತು. ಅದರ ಮಂದ್ರದ (ತಗ್ಗು ಸ್ವರದ) ತಂತಿ ಮಿಲ್ಲಿನ ಗುಂಯ್ ಜೊತೆ ಸೇರಿಬಿಡುತ್ತದೆ. ನಿಖಿಲ್ ಬ್ಯಾನರ್ಜಿ ಸಿತಾರ್ ಆದರೆ ಆಲಾಪ, ಆಮೇಲೆ ಲಯ ಹಿಡಿಯುವ ಜೋಡ್ ಸಾಕು. ಕೊನೆಯ ವೇಗದ ಝಾಲಾ ಬರುವ ಮೊದಲೇ ಕತ್ತರಿಸಿ. ವೀಣೆ ದೊರೆಸ್ವಾಮಿ ಅಯ್ಯಂಗಾರರ ರಾಗ, ತಾನ ಬಹಳ ಚೆಂದ, ಆದರೆ ಮೃದಂಗದ ತನಿ ಆವರ್ತನ ಬಂತೋ ಎಲ್ಲರ ಬೆರಳೂ ಟೇಬಲ್ ಮೇಲೆ. ರಾಮ್ ನಾರಾಯಣ್ ಅವರ ಸಾರಂಗಿ ನನ್ನ ಅಚ್ಚುಮೆಚ್ಚು. ಹಾಕಿದ ಬೆಳಿಗ್ಗೆಯೇ ಕಟ್ಟಡದ ಮಾಲೀಕರು ಮೇಲೆ ಬಂದು "ಯಾರ್ ತೀರಿಕೊಂಡ್ರರೀ?" ಅಂದರು. ದೊಡ್ಡವರು ಯಾರಾದರೂ ಹೋದಾಗ ರೇಡಿಯೋದಲ್ಲಿ ಸಾರಂಗಿ ಕೇಳಿ ಬೆಳೆದ ತಲೆಮಾರು ಅಲ್ವಾ. ಈಗ ಅದನ್ನು ಮನೆಯಲ್ಲೇ ಕೇಳುತ್ತೇನೆ.

ಮಧ್ಯಾಹ್ನದ ಸಮಸ್ಯೆ ಬೇರೆ. ಮೇ ತಿಂಗಳ ಬಿಸಿಲು, ಹೊಟ್ಟೆಯಲ್ಲಿ ರೊಟ್ಟಿ. ರಾತ್ರಿಯ ರಾಗ ಬಾಗೇಶ್ರೀಯನ್ನು ಎರಡು ಗಂಟೆಗೆ ಹಾಕಿದ್ದಕ್ಕೆ ಒಂದು ಸಾಲು ಪೂರ್ತಿ ಗೊರಕೆ. ಈಗ ಆ ಹೊತ್ತಿಗೆ ಶಿವಕುಮಾರ್ ಶರ್ಮಾ ಅವರ ಸಂತೂರ್, ಕಡ್ಡಿಯಿಂದ ತಂತಿ ಬಡಿದು ನುಡಿಸುವ ವಾದ್ಯ. ಬಿಡಿ ಬಿಡಿಯಾಗಿ ಬೀಳುವ ಸದ್ದು, ನಿದ್ದೆಗೆ ಬಿಡುವುದಿಲ್ಲ.

ದುಡ್ಡು ಹೋದದ್ದು ಸ್ಪೀಕರಿನಲ್ಲಿ. ಐದು ಸಾವಿರದ ದೊಡ್ಡ ಬ್ಲೂಟೂತ್ ಸ್ಪೀಕರ್ ಮೂಲೆಯಲ್ಲಿಟ್ಟರೆ ಪಕ್ಕದವನಿಗೆ ಜಾತ್ರೆ, ಆ ಕಡೆಯವನಿಗೆ ಏನೂ ಇಲ್ಲ. ಅದನ್ನು ಅರ್ಧ ಬೆಲೆಗೆ ಮಾರಿದೆ. ಮೈಕ್‌ಸೆಟ್ ಅಂಗಡಿಯಿಂದ ಹಳೆಯ ಸಣ್ಣ ಸ್ಪೀಕರ್ ನಾಲ್ಕು ತಂದು ಗೋಡೆಗೊಂದು ಹಾಕಿದೆ, ವೈರು ಸೇರಿ ಎರಡೂವರೆ ಸಾವಿರ ಆಗಿರಬೇಕು. ಸದ್ದು ಎಷ್ಟಿರಬೇಕು ಅಂದರೆ, ಪಕ್ಕದವನು ಪುಟ ತಿರುಗಿಸಿದ್ದು ಕೇಳಬೇಕು. ಫ್ರೀ ಆ್ಯಪ್ ನಂಬಬೇಡಿ. ಆಲಾಪದ ನಡುವೆ ಬನಿಯನ್ ಜಾಹೀರಾತು ಬಂದು ಮಾನ ಹೋಗುತ್ತದೆ. ದುಡ್ಡು ಕೊಟ್ಟು ಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಸುಮ್ನೆ ಇನ್ನೊಂದು ನೋಡಿದೆ: ಬರೀ ತಂಬೂರಿ. ಲೆಕ್ಕ, ರೀಸನಿಂಗ್ ಮಾಡುವವರಿಗೆ ಅದೇ ಸಾಕಾಯಿತು. ಇತಿಹಾಸ ಓದುವವರು ಒಂದು ಗಂಟೆಗೆ ಬೇಸತ್ತರು. ಈಗ ಎಲ್ಲ ರೆಕಾರ್ಡಿಂಗ್ ಕೆಳಗೂ ತಂಬೂರಿಯನ್ನು ಸಣ್ಣಗೆ ಬಿಟ್ಟಿರುತ್ತೇನೆ. ಅದನ್ನು ರಾಗದ ಜೊತೆಗೂ ಮಿಲ್ಲಿನ ಜೊತೆಗೂ ಹೊಂದಿಸುವುದು ಹೇಗೆ, ಯಾವ ಶ್ರುತಿ ಅನ್ನೋದನ್ನು ಇಲ್ಲಿ ಬರೆಯಲ್ಲ. ಎದುರು ಬೀದಿಯಲ್ಲೇ ಇನ್ನೊಂದು ರೀಡಿಂಗ್ ರೂಮ್ ಶುರುವಾಗಿದೆ, ಅವರಿಗೂ ಇದೇ ಮಿಲ್ಲಿನ ಸದ್ದು.